ಎರಡು ಸಲ ತೊಳೆದ ಡಬ್ಬಿ

ಬಾಟಲಿಯನ್ನು ಅವಳು ಮೂರನೆಯ ಸಲ ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿಗಿಂತ ತುಸು ದಪ್ಪನೆಯ ಗಾಜಿನ ಬಾಟಲಿ. ಒಳಗೆ ಓರೆಯಾಗಿ ಹೆಪ್ಪುಗಟ್ಟಿದ ಹಸಿರು ಹಾಸು. ಆ ಹಸಿರಿನ ಮೇಲೆ ಮೊಟ್ಟೆಯ ಹಳದಿಯಂಥ ಒಂಬತ್ತು ಚುಕ್ಕೆಗಳು. ನುಣ್ಣಗೆ, ಗುಂಡಗೆ, ಯಾರೋ ಈಗಷ್ಟೇ ಬಣ್ಣದ ಕುಂಚ ಒದರಿ ಹೋದಂತೆ ಹೊಳೆಯುತ್ತಿದ್ದವು. ಚೀಟಿ ಓದಿದಳು. ನಂಬರು ಅದೇ. ತಾರೀಖು ಅದೇ. ಅಗತ್ಯವಿಲ್ಲದಿದ್ದರೂ ಬೆರಳು ಮಡಿಸಿ ಎಣಿಸಿದಳು.

“ಐದೇ ದಿನ,” ಎಂದಳು ಗಟ್ಟಿಯಾಗಿ.

ತೊಟ್ಟಿಯ ಬಳಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅಟೆಂಡರ್ ತಿರುಗಿ ನೋಡಿದ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಅವನ ಕಿವಿಗೆ ದಿನ ಎಂದು ಬಿದ್ದದ್ದೆಲ್ಲ ರಜೆಯೇ.

“ಎಲ್ಲಿಗಮ್ಮಾ ಐದು ದಿನ? ನಮ್ಮನ್ನೂ ಕರ್ಕೊಂಡು ಹೋಗಿ.”

“ರಜ ಅಲ್ಲ. ಇದು ಐದೇ ದಿನಕ್ಕೆ ಬೆಳೆದಿದೆ.”

“ಬೆಳೆದ್ರೆ ಒಳ್ಳೇದೇ ಅಲ್ವಾ? ಬೆಳೀಲಿ ಅಂತಾನೇ ತಾನೆ ನೀವು ಬಂದು ಬಂದು ಬಾಗಿಲು ತೆಗೆದು ನೋಡೋದು?”

“ಇಷ್ಟು ಬೇಗ ಬೆಳೀಬಾರದಿತ್ತು.”

ಅಟೆಂಡರ್ ಕೈ ಒರೆಸಿಕೊಂಡು ಬಂದು ಕತ್ತು ಚಾಚಿದ. “ಓ, ಸೋಗಲಾಡಿ,” ಎಂದ. “ಬಿಡಿ, ಕೆಟ್ಟಿದೆ ಅಂತ ಬರೆದು ಹೊಸ ಕಫ ತರ್ಸಿ. ಯಾರದ್ದು ಪಾಪ?”

ಅವಳು ಚೀಟಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಳು.

ಆ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದದ್ದು ಒಂದೇ ಕೆಲಸ, ಜನರ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹುಡುಕುವುದು. ಮೊದಲು ಕಫವನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಕೆಂಪು ಬಣ್ಣ ಹಾಕಿ, ಆಸಿಡ್ಡಿನಲ್ಲಿ ತೊಳೆದು, ಹಿನ್ನೆಲೆಗೆ ನೀಲಿ ಕೊಟ್ಟು ನೋಡುತ್ತಾರೆ. ಬೇರೆಲ್ಲ ಬ್ಯಾಕ್ಟೀರಿಯಾ ಬಣ್ಣ ಬಿಡುತ್ತವೆ. ಕ್ಷಯದ್ದು ಮಾತ್ರ ಹಠಮಾರಿ, ಕೆಂಪು ಕಡ್ಡಿಯಾಗಿ ಉಳಿದು ಸಿಕ್ಕಿಬೀಳುತ್ತದೆ. ಆಮೇಲೆ ಅದೇ ಕಫವನ್ನು ಹಸಿರು ಹಾಸಿನ ಬಾಟಲಿಗೆ ಹಾಕಿ, ಮೈಯ ಬಿಸಿಯಷ್ಟೇ ಕಾವಿರುವ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ಕ್ಷಯ ಮಹಾ ಸೋಮಾರಿ. ಮೂರು ವಾರ, ಕೆಲವೊಮ್ಮೆ ಆರು ವಾರ ಬೇಕು ಅದಕ್ಕೆ ತಲೆ ಎತ್ತಲು. ಎತ್ತಿದಾಗಲೂ ಒಣಗಿದ ಬ್ರೆಡ್ಡಿನ ಚೂರಿನಂತೆ, ಬಣ್ಣಗೆಟ್ಟು, ಒರಟಾಗಿ ಕೂರುತ್ತದೆ.

ಆದರೆ ಕ್ಷಯಕ್ಕೆ ದೂರದ ನೆಂಟನೊಬ್ಬ ಇದ್ದಾನೆ. ಮಣ್ಣಿನಲ್ಲಿ, ನೀರಿನ ಕೊಳವೆಯ ಒಳಗೋಡೆಯಲ್ಲಿ, ಎಲ್ಲಿ ತೇವವೋ ಅಲ್ಲಿ ಬಿಡಾರ. ಯಾರಿಗೂ ಕೇಡು ಬಯಸುವವನಲ್ಲ. ಹಾಕಿದ ವಾರದೊಳಗೆ ಬೆಳೆದು ನಿಲ್ಲುತ್ತಾನೆ, ಅದೂ ಕಿತ್ತಳೆ ಹಳದಿ ಬಣ್ಣ ತೊಟ್ಟು. ಕತ್ತಲಲ್ಲಿಟ್ಟರೂ ಬಣ್ಣ ಬಿಡುವುದಿಲ್ಲ, ಕಾವಿಲ್ಲದೆ ಹೊರಗಿಟ್ಟರೂ ಬೆಳೆಯುವುದು ನಿಲ್ಲಿಸುವುದಿಲ್ಲ. ಅವನಲ್ಲಿರುವ ಕೆಟ್ಟ ಗುಣ ಒಂದೇ: ಸ್ಲೈಡಿನ ಮೇಲೆ ಅವನೂ ಕ್ಷಯದಂತೆಯೇ ಕೆಂಪು ಕಡ್ಡಿಯಾಗಿ ಕಾಣುತ್ತಾನೆ. ಅದಕ್ಕೇ ಪ್ರಯೋಗಾಲಯದವರು ಅವನಿಗೆ ಸೋಗಲಾಡಿ ಎಂದು ಹೆಸರಿಟ್ಟಿದ್ದರು. ಸೋಗಲಾಡಿ ಬಂದ ಎಂದರೆ ಹೇಳದೆ ಕೇಳದೆ ಊಟಕ್ಕೆ ಬಂದ ನೆಂಟನನ್ನು ಕಂಡಂತೆ ನಗುತ್ತಿದ್ದರು. ಮಾದರಿ ಕೆಟ್ಟಿದೆ ಎಂದು ಬರೆದು ಹೊಸದು ತರಿಸುತ್ತಿದ್ದರು. ಅದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ.

ಈ ಸಲ ಆಗಿತ್ತು. ಅವಳ ಹೆಬ್ಬೆರಳ ಕೆಳಗಿದ್ದ ನಂಬರು ಅವಳ ಅಣ್ಣನದು.

ಒಂಬತ್ತು ವರ್ಷದಿಂದ ಸ್ಲೈಡು ಓದುತ್ತಿದ್ದ ಅವಳನ್ನು ಪ್ರಯೋಗಾಲಯದಲ್ಲಿ ಹದ್ದುಗಣ್ಣು ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆದರೆ ಬೇಡ ಎನ್ನುತ್ತಿದ್ದಳು, ಕರೆಯದಿದ್ದರೆ ಏನೋ ಕಳೆದುಹೋದ ಹಾಗಾಗುತ್ತಿತ್ತು. ಅಣ್ಣ ಗಿಡಗಳ ನರ್ಸರಿಯೊಂದರಲ್ಲಿ ಕಸಿ ಕಟ್ಟುವವನು. ತಿಂಗಳಿಂದ ಕೆಮ್ಮುತ್ತಿದ್ದ. “ಧೂಳು ಕಣೇ,” ಎನ್ನುತ್ತಿದ್ದ. ಅವಳು ಒಂದು ಸಂಜೆ ಊಟದ ಮೇಜಿನ ಮೇಲೆ ಮುಚ್ಚಳದ ಡಬ್ಬಿಯೊಂದನ್ನು ಕುಕ್ಕಿದಳು. “ಇದರಲ್ಲಿ ಉಗಿ. ಬೇಗ ಕೊಡು,” ಎಂದಳು. ಅಷ್ಟೇ ಹೇಳಿದ್ದು. ಪ್ರಯೋಗಾಲಯದ ಕಿಟಕಿಯ ಮುಂದೆ ಸಾಲು ನಿಂತವರಿಗೆ ಒಂದೇ ಉಸಿರಿನಲ್ಲಿ ಇಷ್ಟುದ್ದ ಪಾಠ ಒಪ್ಪಿಸುತ್ತಿದ್ದವಳು ಅವಳೇ: ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ತೆಗೀರಿ, ಉಗುಳು ಬೇಡ, ಡಬ್ಬಿ ಒಳಗೆ ಬೆರಳು ಹಾಕಬೇಡಿ, ತೊಳೀಬೇಡಿ, ಒರೆಸಬೇಡಿ, ಇವತ್ತೊಂದು, ನಾಳೆ ಬೆಳಿಗ್ಗೆ ಎದ್ದ ತಕ್ಷಣ ಇನ್ನೊಂದು. ಸ್ವಂತ ಅಣ್ಣನಿಗೆ ಪಾಠ ಯಾಕೆ?

ಮರುದಿನ ಬೆಳಿಗ್ಗೆ ಬಸ್ಸು ಹಿಡಿಯಲು ಹೋಗುವಾಗ ನರ್ಸರಿಯ ಗೇಟಿನಲ್ಲಿ ಅಣ್ಣ ಡಬ್ಬಿ ಕೊಟ್ಟ. ಅದನ್ನು ಅವಳು ಸಾಲಿಗೆ ಸೇರಿಸಲಿಲ್ಲ. ಹಿಂಬಾಗಿಲಿನಿಂದ ತಂದು ಎಲ್ಲಕ್ಕಿಂತ ಮೊದಲು ಸ್ಲೈಡು ಮಾಡಿದಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ನೀಲಿ ಹಿನ್ನೆಲೆಯಲ್ಲಿ ಒಂದು ಕೆಂಪು ಕಡ್ಡಿ, ಆಮೇಲೆ ಇನ್ನೊಂದು, ಆಮೇಲೆ ನಾಲ್ಕು. ಅವಳು ಸ್ಲೈಡನ್ನು ಕೆಳಗಿಳಿಸಿದಳು. ಎರಡನೆಯ ಮಾದರಿ ಕೇಳಲೇ ಇಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ, ಇನ್ನು ಕಾಯುವುದು ಯಾತಕ್ಕೆ, ಒಂದು ದಿನವಾದರೂ ಮೊದಲು ಮಾತ್ರೆ ಶುರುವಾಗಲಿ ಎಂದುಕೊಂಡಳು. ವರದಿಯಲ್ಲಿ ಪಾಸಿಟಿವ್ ಎಂದು ಬರೆದು ಸಹಿ ಹಾಕಿದಳು. ಎಕ್ಸ್‌ರೇ ತಿಳಿಯಾಗಿತ್ತು. ಸ್ಲೈಡೇ ಕೆಂಪಾಗಿರುವಾಗ ಎಕ್ಸ್‌ರೇ ಮಾತು ಯಾರು ಕೇಳುತ್ತಾರೆ?

ಅಲ್ಲಿಂದ ಮುಂದೆ ಎಲ್ಲವೂ ತಾನಾಗಿಯೇ ಉರುಳಿತು. ಮಾತ್ರೆ ಬಂತು, ಆರು ತಿಂಗಳ ಚೀಟಿ ಬಂತು. ನರ್ಸರಿಯ ಮಾಲೀಕ ಗುಣವಾದ ಮೇಲೆ ಬಾ ಎಂದ. ಅತ್ತಿಗೆಯ ಅಣ್ಣ ಕಾರು ತಂದು ನಿಲ್ಲಿಸಿ, ಒಳಗೂ ಬಾರದೆ, ಅತ್ತಿಗೆಯನ್ನೂ ಆರು ವರ್ಷದ ಮಗಳನ್ನೂ ಕೂರಿಸಿಕೊಂಡು ಹೋದ. “ಆರು ತಿಂಗಳು ಆಗ್ಲಿ, ಆಮೇಲೆ ನೋಡೋಣ,” ಎಂದು ಕಾರಿನ ಕಿಟಕಿಯಿಂದಲೇ ಹೇಳಿದ್ದ. ಅಮ್ಮ ಮಗನ ಲೋಟದ ಹಿಡಿಗೆ ಕೆಂಪು ದಾರ ಕಟ್ಟಿ ಬೇರೆ ಮಾಡಿದಳು.

“ಲೋಟದಿಂದ ಬರಲ್ಲಮ್ಮ ಅದು. ಉಸಿರಿನಿಂದ ಬರೋದು,” ಎಂದು ಅವಳು ಹೇಳಿದ್ದಳು.

“ನೀನು ಓದಿದೋಳು, ನಿನಗೆ ಉಸಿರು ಕಾಣುತ್ತೆ,” ಎಂದಿದ್ದಳು ಅಮ್ಮ. “ನನಗೆ ಲೋಟ ಕಾಣುತ್ತೆ.”

ಹಳದಿ ಚುಕ್ಕೆ ಕಂಡ ದಿನ ಸಂಜೆ ಅವಳು ಮನೆಗೆ ಬಂದು ಮಹಡಿ ಹತ್ತಿದಳು. ಹಳೆಯ ಟ್ರಂಕುಗಳನ್ನು ಒತ್ತರಿಸಿ ಮಂಚ ಹಾಕಿದ ಕೋಣೆ. ಕಿಟಕಿಯ ಕಟ್ಟೆಯ ಮೇಲೆ ದಾರ ಕಟ್ಟಿದ ಲೋಟದಲ್ಲಿ ಅಣ್ಣ ನೀರು ತುಂಬಿ ಯಾವುದೋ ಗಿಡದ ಕಡ್ಡಿ ನಿಲ್ಲಿಸಿದ್ದ.

“ನೀರು ಯಾವುದರಲ್ಲಿ ಕುಡೀತೀಯ?” ಎಂದಳು.

“ಚೊಂಬಿದೆಯಲ್ಲ. ಅಮ್ಮ ಪ್ರೀತಿಯಿಂದ ಬೇರೆ ಮಾಡಿಕೊಟ್ಟಿರೋ ಲೋಟ, ಸುಮ್ನೆ ಯಾಕೆ ಎಂಜಲು ಮಾಡ್ಲಿ?” ಎಂದು ಅಣ್ಣ ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ತಕ್ಷಣ ಅವಳಿಂದ ಮುಖ ತಿರುಗಿಸಿ, ಗೋಡೆಗೆ ಅಂಟಿಕೊಂಡು ಕೆಮ್ಮಿದ. ನಲವತ್ತು ದಾಟಿದವನು ಬೈಸಿಕೊಂಡ ಮಗುವಿನಂತೆ ಗೋಡೆಗೆ ಮುಖ ಮಾಡಿ ನಿಂತದ್ದನ್ನು ಅವಳು ನೋಡಲಾರದೆ ಲೋಟದ ಕಡ್ಡಿಯನ್ನೇ ನೋಡಿದಳು.

“ನಿಮ್ಮ ಮಾತ್ರೆ ತಗೊಂಡ್ರೆ ಉಚ್ಚೆ ಕಿತ್ತಳೆ ಬಣ್ಣ ಬರುತ್ತೆ ಅಂತ ಮೊದಲೇ ಹೇಳಬಾರದಿತ್ತಾ? ಮೊದಲ ದಿನ ನನ್ನ ಕಥೆ ಮುಗೀತು ಅಂದ್ಕೊಂಡೆ.”

“ಮರೆತೆ.”

“ಮರೀತೀಯ, ಮರೀತೀಯ. ಮನೆಯವರಿಗೆ ಹೇಳೋದೆಲ್ಲ ಮರೀತೀಯ.” ಮಂಚದ ತುದಿಯಲ್ಲಿ ಕುಳಿತ. “ಮಗಳು ಫೋನ್ ಮಾಡಿದ್ಲು. ಅಪ್ಪಾ, ನಿನ್ನ ಹುಳ ಸತ್ತಿತಾ ಅಂತ ಕೇಳಿದ್ಲು. ಒಂದೊಂದೇ ಸಾಯ್ತಿವೆ ಅಂದೆ. ಎಷ್ಟಿವೆ ಅಂದ್ಲು. ಅತ್ತೆ ಎಣಿಸಿದಾಳೆ, ಅವಳನ್ನೇ ಕೇಳು ಅಂದೆ.”

ಅವಳ ಬಾಯಿಗೆ ಮಾತು ಬಂದು ನಿಂತಿತು. ಐದೇ ದಿನಕ್ಕೆ ಬೆಳೆದಿದೆ ಅಣ್ಣ, ಬಣ್ಣ ಇದೆ ಅಣ್ಣ ಎನ್ನಬೇಕೆನಿಸಿತು. ಆದರೆ ಒಂದು ಸಲ ಅವಸರಪಟ್ಟವಳು. ಈ ಸಲ ಪೂರ್ತಿ ಖಾತ್ರಿಯಾಗದೆ ತುಟಿ ಬಿಚ್ಚಬಾರದೆಂದು ಮೆಟ್ಟಿಲಿಳಿದಳು.

ಹಳದಿ ಚುಕ್ಕೆಯೊಂದರಿಂದ ತುಸುವೇ ತೆಗೆದು ಅವಳು ಮೂರು ಹೊಸ ಬಾಟಲಿಗಳಿಗೆ ಹಚ್ಚಿದ್ದಳು. ಒಂದು ಕಾವಿನ ಪೆಟ್ಟಿಗೆಗೆ ಹಾಗೆಯೇ ಹೋಯಿತು. ಇನ್ನೊಂದು ಕರಿ ಕಾಗದ ಸುತ್ತಿಕೊಂಡು ಹೋಯಿತು. ಮೂರನೆಯದನ್ನು ಕಪಾಟಿನ ಮೇಲೆ, ಅಟೆಂಡರನ ಟೀ ಫ್ಲಾಸ್ಕಿನಿಂದ ಮಾರು ದೂರದಲ್ಲಿ, ಕೋಣೆಯ ಗಾಳಿಯಲ್ಲೇ ಇಟ್ಟಳು. ಮೂರು ದಿನ ಅದರ ಮುಂದೆ ಹಾದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದಳು. ಮೂರರಲ್ಲೂ ಹಳದಿ. ಕರಿ ಕಾಗದ ಬಿಚ್ಚಿದಾಗ ಒಳಗಿನದು ಉಳಿದೆರಡಕ್ಕಿಂತ ಒಂದು ಕೈ ಹೆಚ್ಚೇ ಹೊಳೆಯುತ್ತಿತ್ತು.

ಕ್ಷಯ ಕತ್ತಲಲ್ಲಿ ಬಣ್ಣ ತೊಡುವುದಿಲ್ಲ. ಕಪಾಟಿನ ಮೇಲೆ ಬೆಳೆಯುವುದಿಲ್ಲ. ಬೆಳೆದದ್ದು ಸೋಗಲಾಡಿ. ಹಾಗಾದರೆ ಅವನು ಅಣ್ಣನ ಡಬ್ಬಿಗೆ ಹೊಕ್ಕದ್ದು ಎಲ್ಲಿಂದ?

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ನರ್ಸರಿಗೆ ಹೋದಳು. ಹಸಿರು ಬಲೆಯ ನೆರಳಿನಲ್ಲಿ ಸಸಿಗಳ ಸಾಲು, ಗೊಬ್ಬರದ ರಾಶಿ, ಮಣ್ಣು ಜರಡಿ ಹಿಡಿಯುವ ಚೌಕಟ್ಟು. ಅದರ ಪಕ್ಕ ಕುಳಿತು ಚೀಲಕ್ಕೆ ಮಣ್ಣು ತುಂಬುತ್ತಿದ್ದ ಮುದುಕಿಯೊಬ್ಬಳು ಅವಳನ್ನು ನೋಡಿದ್ದೇ ತಡ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮರುಕ್ಷಣ ತನಗೇ ನಾಚಿಕೆಯಾದಂತೆ ತೆಗೆದಳು.

“ಹೇಗಿದಾನಮ್ಮಾ ನಿಮ್ಮಣ್ಣ? ಅವನು ಕಟ್ಟಿದ ಕಸಿ ಒಂದೂ ಸತ್ತಿಲ್ಲ ನೋಡು. ಹೊಸಬ ಬಂದಿದಾನೆ, ಹತ್ತು ಕಟ್ಟಿದ್ರೆ ಎಂಟು ಒಣಗಿಸ್ತಾನೆ.”

“ಅಜ್ಜೀ, ಅಣ್ಣ ಕಫ ಕೊಟ್ಟ ದಿನ ನೀವಿಲ್ಲೇ ಇದ್ರಾ?”

“ಇಲ್ಲದೆ ಎಲ್ಲಿಗೆ ಹೋಗ್ಲಿ? ನಾನೇ ತಮಾಷೆ ಮಾಡಿದ್ದು. ಅಷ್ಟು ಚೆಂದದ ಡಬ್ಬಿ ಸಿಕ್ಕಿದೆ, ಅದರಲ್ಲಿ ಉಗೀತೀಯಲ್ಲೋ, ಬೀಜ ಹಾಕಿಡೋಕೆ ನನಗೆ ಕೊಡು ಅಂತ.” ಅಜ್ಜಿ ಮಣ್ಣಿನ ಕೈಯಿಂದಲೇ ತೋರಿಸಿದಳು. “ಅಗೋ, ಅಲ್ಲಿ ನಿಂತು ತೊಳೆದ. ಅವನ ಚಾಳಿ ನಿಂಗೊತ್ತಲ್ಲ, ಕುಂಡ ಬರಲಿ, ತಟ್ಟೆ ಬರಲಿ, ಕೈಗೆ ಬಂದದ್ದನ್ನು ಮೊದಲು ಪೈಪು ಹಿಡಿದು ಗಲಗಲ ಅಲ್ಲಾಡಿಸದೆ ಬಿಡಲ್ಲ.”

“ತೊಳೆದನಾ? ಹೊಸ ಡಬ್ಬಿ ಅಜ್ಜೀ ಅದು.”

“ನಾನೂ ಅದನ್ನೇ ಅಂದೆ. ಹೊಸದಲ್ಲೋ, ಸುಮ್ನೆ ಉಗೀಬಾರದಾ ಅಂತ. ತಂಗಿ ಆಫೀಸಿಗೆ ಹೋಗೋ ಡಬ್ಬಿ, ಎಲ್ಲರೂ ನೋಡ್ತಾರೆ, ಗಲೀಜಿದ್ರೆ ಅವಳಿಗೆ ಅವಮಾನ ಅಂದ. ಎರಡು ಸಲ ತೊಳೆದ.”

ಅವಳು ಪೈಪಿನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಳು. ವರ್ಷಗಟ್ಟಲೆ ಬಿಸಿಲು ಕುಡಿದು ಬಿರುಕುಬಿಟ್ಟ ರಬ್ಬರ್ ಪೈಪು. ಬಾಯಿ ಗೊಬ್ಬರದ ರಾಶಿಯಲ್ಲಿ ಹೂತಿತ್ತು. ತನ್ನ ಚೀಲದಿಂದ ಹತ್ತಿ ಸುತ್ತಿದ ಕಡ್ಡಿ ತೆಗೆದು ಪೈಪಿನ ಒಳಗೋಡೆಯನ್ನು ಸವರಿದಳು. ಲೋಳೆ ಅಂಟಿಕೊಂಡು ಬಂತು. ಕಣ್ಣಿಗೆ ಹತ್ತಿರ ಹಿಡಿದಾಗ ತೆಳು ಹಳದಿ.

ಎರಡು ಸಲ ತೊಳೆದ ಎಂಬ ಮಾತು ಒಂದು ಸಲ ತೊಳೆದಿದ್ದರೆ ನೋಯಿಸುತ್ತಿದ್ದದ್ದಕ್ಕಿಂತ ಎರಡರಷ್ಟು ನೋಯಿಸಿತು. ತೊಳೀಬೇಡಿ ಎಂಬ ಒಂದು ಮಾತು. ದಿನಕ್ಕೆ ನಲವತ್ತು ಜನಕ್ಕೆ, ಮುಖ ಕೂಡ ನೋಡದೆ ಹೇಳುವ ಮಾತು. ಅದನ್ನು ಹೇಳಿದ್ದರೆ ಇವತ್ತು ಮಗು ಮನೆಯಲ್ಲಿರುತ್ತಿತ್ತು.

ಮರುದಿನ ಬೆಳಿಗ್ಗೆ ಲೋಳೆಯ ಸ್ಲೈಡು ಮಾಡಿದಳು. ಮೈಕ್ರೋಸ್ಕೋಪಿನಡಿ ಅವೇ ಕೆಂಪು ಕಡ್ಡಿಗಳು. ಅಣ್ಣನ ಹಳೆಯ ಸ್ಲೈಡನ್ನೂ ಡಬ್ಬದಿಂದ ತೆಗೆದು ಪಕ್ಕದಲ್ಲಿಟ್ಟು, ಒಂದಾದ ಮೇಲೊಂದು ನೋಡಿದಳು. ಕೆಲವು ಕಡ್ಡಿಗಳು ಕ್ಷಯದ್ದಕ್ಕಿಂತ ಮೊಂಡಾಗಿ, ಗಿಡ್ಡವಾಗಿ, ಒತ್ತೊತ್ತಾಗಿದ್ದವು. ಅವತ್ತೂ ಹಾಗೆಯೇ ಇದ್ದಿರಬೇಕು. ಹದ್ದುಗಣ್ಣು ಅದನ್ನು ನೋಡಿರಲಿಲ್ಲ. ಕೆಂಪು ಕಂಡದ್ದೇ ಸಾಕಾಗಿತ್ತು ಅದಕ್ಕೆ.

ಮುಖ್ಯಸ್ಥೆಯಾಗಿದ್ದ ಡಾಕ್ಟರ್ ಮೇಡಂ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೂರು ಬಾಟಲಿಗಳನ್ನೂ ಎರಡು ಸ್ಲೈಡುಗಳನ್ನೂ ನೋಡಿದರು. ಇವಳು ಗೇಟಿನಿಂದ ಶುರುಮಾಡಿ ಪೈಪಿನವರೆಗೆ ಎಲ್ಲ ಹೇಳಿ ಮುಗಿಸುವವರೆಗೂ ನಡುವೆ ಬಾಯಿ ಹಾಕಲಿಲ್ಲ.

“ಕೆಮ್ಮು ಗೊಬ್ಬರದ ಧೂಳಿಂದ ಇರಬಹುದು. ಎಕ್ಸ್‌ರೇ ತಿಳಿಯಾಗೇ ಇದೆ,” ಎಂದರು ಕೊನೆಗೆ. “ಆದ್ರೂ ಈ ಡಬ್ಬಿಯಲ್ಲಿ ಸೋಗಲಾಡಿ ಸಿಕ್ಕಿದ ಅಂತ ಎದೆಯಲ್ಲಿ ಕ್ಷಯ ಇಲ್ಲ ಅಂತ ಬರ್ಕೊಡೋಕಾಗಲ್ಲ. ಕ್ರಮವಾಗಿ ಎರಡು ಮಾದರಿ ಬರಲಿ. ಎರಡರ ಸ್ಲೈಡೂ ಸ್ವಚ್ಛ ಬಂದ್ರೆ ಮಾತ್ರೆ ನಿಲ್ಸಿ, ಕಾಗದ ನಾನೇ ಬರ್ಕೊಡ್ತೀನಿ. ಮಾಲೀಕನಿಗೊಂದು, ನಿಮ್ಮತ್ತಿಗೆ ಮನೆಯವರಿಗೊಂದು. ಅಲ್ಲಿವರೆಗೆ ಮಾತ್ರೆ ತಗೊಳ್ಳಲಿ.”

“ಸರಿ ಮೇಡಂ. ಹಳೇ ವರದಿಗೆ ಏನು ಬರೀಲಿ?”

“ಮಾದರಿ ಕೆಟ್ಟಿತ್ತು ಅಂತ ಬರಿ. ಅಷ್ಟು ಸಾಕು. ಒಂದೇ ಮಾದರಿ ಯಾಕೆ, ಸಾಲಲ್ಲಿ ಯಾಕೆ ಬರಲಿಲ್ಲ ಅಂತ ಯಾರೂ ಕೇಳಲ್ಲ.”

ಅವಳು ದಪ್ಪ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಬರೆದಳು: ಒಂದೇ ಮಾದರಿಯ ಮೇಲೆ ವರದಿ ಕೊಡಲಾಗಿದೆ. ಸಾಲು ತಪ್ಪಿಸಿ ತೆಗೆದುಕೊಂಡದ್ದು. ಡಬ್ಬಿ ತೊಳೆಯಬಾರದೆಂದು ಹೇಳಿರಲಿಲ್ಲ. ತೆಗೆದುಕೊಂಡವಳೂ ಓದಿದವಳೂ ನಾನು. ಕೆಳಗೆ ಸಹಿ ಹಾಕಿದಳು.

ಮೇಡಂ ಕನ್ನಡಕ ಇಳಿಸಿ ಓದಿದರು. “ಇದನ್ನು ಬರೆದ್ರೆ ಮೇಲಿನವರು ನಿನ್ನ ಹಳೇ ಸ್ಲೈಡನ್ನೆಲ್ಲ ಹೊರಗೆ ತೆಗೆಸ್ತಾರೆ, ಗೊತ್ತಲ್ಲ?”

“ತೆಗೆಸ್ಲಿ ಮೇಡಂ.”

“ನಿನ್ನಣ್ಣನಿಗೆ ಯಾವಾಗ ಹೇಳ್ತೀಯ?”

“ಇವತ್ತೇ.”

ಹೊರಡುವಾಗ ಕಪಾಟಿನಿಂದ ಎರಡು ಹೊಸ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಈಗಲೇ ಒಂದು, ನಾಳೆ ಎದ್ದ ಕೂಡಲೇ ಒಂದು, ಎರಡನ್ನೂ ತಾನೇ ಒಯ್ದರೆ ನಾಳೆ ಮಧ್ಯಾಹ್ನಕ್ಕೆ ಸ್ಲೈಡು, ಸಂಜೆಗೆ ಮೇಡಂ ಸಹಿ. ಕಿಟಕಿಯ ಮುಂದೆ ಸಾಲು ನಿಂತರೆ ವಾರ ಹಿಡಿಯುವ ಕೆಲಸ. ನಾಡಿದ್ದು ಬೆಳಿಗ್ಗೆಯೇ ಕಾಗದ ಹಿಡಿದುಕೊಂಡು ತಾನೇ ಅತ್ತಿಗೆಯ ಮನೆ ಬಾಗಿಲಲ್ಲಿ ನಿಲ್ಲಬೇಕು. ಮಗುವನ್ನು ಎತ್ತಿಕೊಂಡೇ ಬರಬೇಕು.

ಅಣ್ಣ ಕಿಟಕಿಯ ಬಳಿ ನಿಂತು ಲೋಟದ ಕಡ್ಡಿಯನ್ನು ಎತ್ತಿ ನೋಡುತ್ತಿದ್ದ. ಬುಡದಲ್ಲಿ ದಾರದೆಳೆಯಂಥ ಬೇರು ಬಂದಿತ್ತು. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಐದು ದಿನದ ಚುಕ್ಕೆ, ಕರಿ ಕಾಗದ, ಕಪಾಟು, ಪೈಪು. ತಾನು ಹೇಳದೆ ಬಿಟ್ಟ ಮಾತು. ಕೇಳದೆ ಬಿಟ್ಟ ಎರಡನೆಯ ಡಬ್ಬಿ. ಅಣ್ಣ ಬೇರನ್ನೇ ನೋಡುತ್ತ ಕೇಳಿದ.

“ಮಣ್ಣಿಂದು ಅನ್ನು,” ಎಂದ.

“ಹೂಂ. ಏನೂ ಮಾಡಲ್ಲ ಅದು ಯಾರಿಗೂ.”

“ಅದಂತೂ ನನಗೇ ಗೊತ್ತು. ಇಪ್ಪತ್ತು ವರ್ಷದಿಂದ ಅದರೊಳಗೇ ಕೈ ಇಟ್ಟುಕೊಂಡಿದೀನಿ.” ಕಡ್ಡಿಯನ್ನು ಮತ್ತೆ ನೀರಿಗಿಳಿಸಿದ. “ಬಣ್ಣ ಹೇಗಿತ್ತು?”

“ಮೊಟ್ಟೆಯ ಹಳದಿ ಇದ್ದ ಹಾಗೆ. ಹೊಳೀತಿತ್ತು.”

“ಚೆಂದ ಇತ್ತಾ?”

“ಚೆಂದ ಇತ್ತು,” ಎಂದಳು.

ಅಣ್ಣ ಸುಮ್ಮನೆ ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕೆಳಗೆ ಅಮ್ಮ ಪಾತ್ರೆ ಬೆಳಗುವ ಸದ್ದು ಕೇಳುತ್ತಿತ್ತು. ಅವಳು ಚೀಲದಿಂದ ಡಬ್ಬಿಗಳನ್ನು ತೆಗೆದು, ಒಂದನ್ನು ಮಂಚದ ಮೇಲಿಟ್ಟು, ಇನ್ನೊಂದನ್ನು ಅವನ ಮುಂದೆ ಚಾಚಿದಳು.

“ಇದನ್ನು ತೊಳೀಬೇಡ. ಒರೆಸಲೂಬೇಡ. ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ತೆಗಿ. ಇದು ಈಗ, ಅದು ನಾಳೆ ಬೆಳಿಗ್ಗೆ. ಎರಡನ್ನೂ ನಾನೇ ಕೈಯಲ್ಲಿ ಹಿಡ್ಕೊಂಡು ಹೋಗ್ತೀನಿ. ನೀನು ಆ ಸಾಲಲ್ಲಿ ನಿಲ್ಲೋದು ಬೇಡ. ನಾಳೆ ಎಲ್ಲಕ್ಕಿಂತ ಮೊದಲು ನಿನ್ನದೇ ನೋಡ್ತೀನಿ, ಸಂಜೆಗೆ ಮುಗಿಸ್ತೀನಿ.”

ಅಣ್ಣ ಡಬ್ಬಿಯನ್ನು ನೋಡಿದ. ಆಮೇಲೆ ಅವಳ ಕಣ್ಣನ್ನು ನೋಡಿದ, ಕಸಿಗೆ ಚಾಕು ಇಡುವ ಮೊದಲು ಗಿಡದ ಚಿಗುರುಗಣ್ಣನ್ನು ನೋಡುವ ಹಾಗೆ, ಅವಸರವಿಲ್ಲದೆ. ಕೈ ಮಾತ್ರ ಮುಂದೆ ಬರಲಿಲ್ಲ.

“ಸಾಲು ಎಷ್ಟು ಗಂಟೆಗೆ ಶುರುವಾಗುತ್ತೆ?”

“ಎಂಟಕ್ಕೆ. ಆದ್ರೆ ಅಲ್ಲಿ ಕೊಟ್ರೆ ವಾರವೇ ಆಗಬಹುದು ಅಣ್ಣ. ಅಲ್ಲಿವರೆಗೆ ಮಗು ಅಲ್ಲೇ ಇರುತ್ತೆ.”

“ಇರ್ಲಿ.”

“ಯಾರೋ ನೋಡ್ತಾರೆ ಅಣ್ಣ ಅಲ್ಲಿ. ನಿನ್ನದು ಯಾವುದು ಅಂತಾನೂ ಗೊತ್ತಿರಲ್ಲ ಅವರಿಗೆ.”

“ಅದೇ ಬೇಕು.”

“ತಗೋ, ಒಂದೇ ಸಲ ನನ್ನ ಮಾತು ಕೇಳು,” ಎಂದು ಡಬ್ಬಿಯನ್ನು ಅವನ ಕೈಗೆ ತಾಗುವಷ್ಟು ಹತ್ತಿರ ಹಿಡಿದಳು.

ಅಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನಿನ್ನ ಕೈಯಿಂದ ಬೇಡ ಕಣೇ.”